ಖಾಲಿಯಾಗಿ ಬಂದ ಡಬ್ಬಿ

ದಾರಿ ನಡೆದು ಬಂದವರ ಕೈಗೆ ಮೊದಲು ಒಂದು ಚೂರು ಬೆಲ್ಲ, ಆಮೇಲೆ ನೀರು. ನರಸಿಂಹರಾಜಪುರದ ನನ್ನ ತವರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡಲಿಲ್ಲ. ಬಂದವರು ಯಾರು, ಯಾವ ಕೆಲಸಕ್ಕೆ ಬಂದರು ಎಂದು ಕೇಳುವುದಕ್ಕೆ ಮುಂಚೆಯೇ ಅಮ್ಮ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಡುತ್ತಿದ್ದಳು. ಕರೆಂಟಿನ ಮೀಟರ್ ನೋಡಲು ಬಂದವನಿಗೂ ಅದೇ, ಮದುವೆಗೆ ಕರೆಯಲು ಬಂದವರಿಗೂ ಅದೇ. ಮದುವೆಯಾಗಿ ಹರಿಹರಪುರ ದಾಟಿ ಶೃಂಗೇರಿ ರಸ್ತೆಯ ಪಕ್ಕದಲ್ಲಿರುವ ಈ ಮನೆಗೆ ಬಂದ ಮೇಲೆ ನಾನೂ ಹಾಗೇ ಮಾಡಿದೆ. ನನ್ನ ಗಂಡನಿಗೆ ಸಕ್ಕರೆ ಕಾಯಿಲೆ ಬಂದ ವರ್ಷ ಅದನ್ನು ನಿಲ್ಲಿಸಿದೆ. ಬೆಲ್ಲದ ಡಬ್ಬಿ ಅಟ್ಟಕ್ಕೆ ಹೋಯಿತು. ಬಂದವರಿಗೆ ಬರೀ ನೀರು, ಇಲ್ಲವೇ ಉಪ್ಪು ಹಾಕಿದ ಮಜ್ಜಿಗೆ.

ಅವರು ಶೃಂಗೇರಿಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸ್ವಂತ ಕಾರು ಇಟ್ಟುಕೊಂಡಿದ್ದರು. ದೇವಸ್ಥಾನಕ್ಕೆ ಬಂದು ಲಾಡ್ಜಿನಲ್ಲಿ ಉಳಿದವರನ್ನು ಹೊರನಾಡು, ಧರ್ಮಸ್ಥಳ, ಕೊಲ್ಲೂರು, ಗೋಕರ್ಣ ಎಂದು ಸುತ್ತಿಸಿಕೊಂಡು ಬರುವ ಕೆಲಸ. ಬೆಳಿಗ್ಗೆ ಐದೂವರೆಗೆ ಮನೆ ಬಿಟ್ಟರೆ ತಿರುಗಿ ಬರುವುದು ಯಾವಾಗ ಎಂದು ಹೇಳುವಂತಿರಲಿಲ್ಲ. ನಮಗೆ ಮಕ್ಕಳಿಲ್ಲ. ನಾನು ಮನೆಯಲ್ಲಿ ಬ್ಲೌಸು ಹೊಲಿಯುತ್ತೇನೆ. ಬೆಳಗಿನಿಂದ ಸಂಜೆವರೆಗೆ ಮೆಷಿನ್ನಿನ ಮುಂದೆ ಕೂತು ರಸ್ತೆಯಲ್ಲಿ ಹೋಗುವ ಗಾಡಿಗಳ ಸದ್ದು ಕೇಳುತ್ತಿದ್ದೆ. ಅವರ ಕಾರಿನ ಸದ್ದು ತಿರುವಿನಲ್ಲೇ ಗೊತ್ತಾಗುತ್ತಿತ್ತು.

ಅವರಿಗೆ ಸಿಹಿಯ ಹುಚ್ಚು. ಕಾಯಿಲೆ ಬಂದ ಮೇಲೂ ಬಿಡಲಿಲ್ಲ. ಕೊಪ್ಪದಲ್ಲಿ ಒಂದು ಮದುವೆಯಲ್ಲಿ ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದಾಗ ಅವರು ಗಂಡಸರ ಸಾಲಿನ ಕೊನೆಯಲ್ಲಿ ನಾಲ್ಕು ಹೋಳಿಗೆ ತಿಂದು ಎಲೆ ಮಡಿಚಿ ಎದ್ದಿದ್ದರು. ಮನೆಗೆ ಬಂದು ಕೇಳಿದರೆ ಒಂದೂ ತಿಂದಿಲ್ಲ ಎಂದರು. ಬಡಿಸಿದವನೇ ಮಾರನೆಯ ದಿನ ಬ್ಲೌಸು ತೆಗೆದುಕೊಂಡು ಹೋಗಲು ಬಂದು ನಗುತ್ತಾ ಹೇಳಿಬಿಟ್ಟ. ಇನ್ನೊಂದು ಸಲ ಕಾರಿನ ಸೀಟಿನ ಕೆಳಗೆ ಜಿಲೇಬಿಯ ಪೊಟ್ಟಣ ಸಿಕ್ಕಿತು. "ಪ್ಯಾಸೆಂಜರ್ ಬಿಟ್ಟು ಹೋಗಿದಾರೆ ಕಣೇ" ಎಂದರು. ಪೊಟ್ಟಣ ಕಟ್ಟಿದ್ದು ಕೊಪ್ಪದ ಅಂಗಡಿಯ ಹೆಸರಿದ್ದ ಪೇಪರಿನಲ್ಲಿ, ಆ ದಿನದ ಪ್ಯಾಸೆಂಜರ್ ಉಡುಪಿಯಿಂದ ಬಂದವರು. ಹೀಗೆ ಹತ್ತು ಸಲ ಸುಳ್ಳು ಹೇಳಿದವರು. ಹನ್ನೊಂದನೆಯ ಸಲ ನಾನು ನಂಬಲಿಲ್ಲ.

ಹಾಗಾಗಿ ಡಬ್ಬಿ ಶುರುವಾಯಿತು. ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್. ಹೋಟೆಲಿನಲ್ಲಿ ಏನೂ ತಿನ್ನಬಾರದು, ದಾರಿಯಲ್ಲಿ ಹಸಿವಾದರೆ ಇದರಿಂದಲೇ ತಿನ್ನಬೇಕು ಎಂದು ಕರಾರು ಮಾಡಿಕೊಂಡೆ. ನಾನು ಬೆಳಿಗ್ಗೆ ನಾಲ್ಕಕ್ಕೆ ಏಳುತ್ತಿದ್ದೆ. ಕೆಳಗಿನ ಡಬ್ಬಿಯಲ್ಲಿ ಎರಡು ರಾಗಿರೊಟ್ಟಿ, ಬೆಂಕಿಯಲ್ಲಿ ಬಾಡಿಸಿದ ಬಾಳೆಲೆಯಲ್ಲಿ ಸುತ್ತಿ. ಅದರ ಜೊತೆ ಒಂದೆಲಗದ ಚಟ್ನಿ. ನಡುವಿನದರಲ್ಲಿ ಮೊಳಕೆ ಬಂದ ಹೆಸರುಕಾಳು, ಸ್ವಲ್ಪ ಕಾಯಿತುರಿ, ಮೇಲೊಂದು ಒಗ್ಗರಣೆ. ಮೇಲಿನದರಲ್ಲಿ ಹುರಿಗಡಲೆ, ಉದ್ದಕ್ಕೆ ಸೀಳಿದ ಸೌತೆಕಾಯಿ, ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿ. ಹಲಸಿನ ಹಪ್ಪಳವನ್ನು ಎಣ್ಣೆಗೆ ಹಾಕದೆ ಬಚ್ಚಲೊಲೆಯ ಕೆಂಡದ ಮೇಲೆ ಸುಟ್ಟು ಬೇರೆ ಕವರಿಗೆ ಹಾಕುತ್ತಿದ್ದೆ. ಒಂದು ಬಾಟಲಿಯಲ್ಲಿ ಶುಂಠಿ ಜಜ್ಜಿದ ಮಜ್ಜಿಗೆ. ಸ್ಟ್ಯಾಂಡಿನ ಡ್ರೈವರುಗಳೆಲ್ಲ ಆ ಡಬ್ಬಿ ನೋಡಿ ತಮಾಷೆ ಮಾಡುತ್ತಿದ್ದರಂತೆ. "ನಿಮ್ಮದು ಬಿಡಿ ಮಾರಾಯ್ರೆ, ಆಕಳಿನ ಮೇವು" ಎನ್ನುತ್ತಿದ್ದರಂತೆ. ಇವರು ಮನೆಗೆ ಬಂದು ಅದನ್ನು ನನಗೆ ಹೇಳುತ್ತಿದ್ದರು. ಹೇಳುವಾಗ ಅವರಿಗೂ ಒಳಗೊಳಗೆ ಒಂದು ಜಂಬ ಇತ್ತೆಂದು ನನಗೆ ಅನ್ನಿಸುತ್ತಿತ್ತು.

ಆದರೆ ಡಬ್ಬಿ ಯಾವತ್ತೂ ಪೂರ್ತಿ ಖಾಲಿಯಾಗಿ ಬರಲಿಲ್ಲ. ಅದೇ ನಮ್ಮ ಜಗಳ. ಒಂದು ರೊಟ್ಟಿ ಉಳಿದಿರುತ್ತಿತ್ತು, ಸೌತೆಕಾಯಿ ನೀರು ಬಿಟ್ಟುಕೊಂಡಿರುತ್ತಿತ್ತು, ಹೆಸರುಕಾಳಿನಲ್ಲಿ ಕರಿಬೇವನ್ನೆಲ್ಲ ಆರಿಸಿ ಡಬ್ಬಿಯ ಅಂಚಿಗೆ ಅಂಟಿಸಿರುತ್ತಿದ್ದರು. ಕರಿಬೇವು ಅವರು ತಿನ್ನುತ್ತಲೇ ಇರಲಿಲ್ಲ.

"ಒಂದು ದಿನವಾದರೂ ಖಾಲಿ ಡಬ್ಬಿ ತನ್ನಿ ನೋಡುವ" ಎನ್ನುತ್ತಿದ್ದೆ.

"ಒಂದು ದಿನವಾದ್ರೂ ತಿನ್ನೋ ಹಂಗಿದ್ದದ್ದು ಹಾಕು ಮಾರಾಯ್ತಿ, ತರ್ತೀನಿ."

ಬರೀ ಡಬ್ಬಿಯಿಂದ ಅವರನ್ನು ಹಿಡಿದಿಡಲು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದಕ್ಕೆ ಇನ್ನೊಂದು ಕೆಲಸ ಮಾಡಿದೆ. ಒಂದು ಭಾನುವಾರ ಅವರ ಜೊತೆ ಸ್ಟ್ಯಾಂಡಿಗೆ ಹೋಗಿ ಅಲ್ಲಿದ್ದವರಿಗೆಲ್ಲ ಹೇಳಿದೆ: ಇವರಿಗೆ ಸಿಹಿ ಕೊಡಬೇಡಿ, ಕೇಳಿದರೂ ಕೊಡಬೇಡಿ, ಏನು ನೆಪ ಹೇಳಿದರೂ ನಂಬಬೇಡಿ. ಇವರು ಊಟಕ್ಕೆ, ಚಹಾಕ್ಕೆ ನಿಲ್ಲಿಸುವ ಅಂಗಡಿಗಳ ಹೆಸರು ಕೇಳಿಕೊಂಡು ಕೆಲವರಿಗೆ ಫೋನ್ ಕೂಡ ಮಾಡಿದೆ. ಎಲ್ಲರೂ ನಕ್ಕರು, ಎಲ್ಲರೂ ಒಪ್ಪಿದರು. ನಮ್ಮ ಕಡೆ ಇಂಥ ಮಾತನ್ನು ಜನ ತಮ್ಮ ಮನೆಯದೇ ಎಂಬಂತೆ ನಡೆಸುತ್ತಾರೆ. ಅವರ ಗೆಳೆಯರೊಬ್ಬರು, ಅದೇ ಸ್ಟ್ಯಾಂಡಿನ ಡ್ರೈವರ್, ನನ್ನನ್ನು ಅತ್ತಿಗೆ ಎಂದೇ ಕರೆಯುವವರು, "ನೀವು ಆರಾಮಾಗಿರಿ ಅತ್ತಿಗೆ, ಇವ್ರ ಬಾಯಿಗೆ ನಾನು ಬೀಗ" ಎಂದರು. ನನ್ನ ಗಂಡ ಕಾರಿಗೆ ಒರಗಿ ನಿಂತು ತಲೆ ತಗ್ಗಿಸಿ ನಗುತ್ತಿದ್ದರು. ಅವಮಾನವಾಯಿತೇ ಎಂದು ನಾನು ಕೇಳಲಿಲ್ಲ.

ಅವರಿಗೆ ಮಾತ್ರೆ ಬದಲಾದ ಮೇಲೆ ಪೆಪ್ಪರಮೆಂಟಿನ ವಿಷಯ ಬಂತು. ಅಂಗಿಯ ಜೇಬಿನಲ್ಲಿ ನಾಲ್ಕು, ಕಾರಿನ ಮುಂದಿನ ಡ್ರಾಯರಿನಲ್ಲಿ ಒಂದು ಕವರು. ಜೇಬಿನದು ಬಟ್ಟೆ ಒಗೆಯುವಾಗ ಸಿಕ್ಕಿತು, ಕಾರಿನದು ಆಮೇಲೆ ಹುಡುಕಿದಾಗ.

"ಡಾಕ್ಟ್ರು ಇಟ್ಕೊಳ್ಳಿ ಅಂದಿದಾರೆ ಕಣೇ. ಈ ಮಾತ್ರೆಗೆ ಊಟ ತಡ ಆದ್ರೆ ಸಕ್ಕರೆ ಇಳಿದುಬಿಡ್ತದಂತೆ. ಆಗ ಬಾಯಿಗೆ ಹಾಕ್ಕೊಬೇಕಂತೆ."

"ಸಕ್ಕರೆ ಕಾಯಿಲೆಗೆ ಸಕ್ಕರೆ ತಿನ್ನಿ ಅಂತ ಯಾವ ಡಾಕ್ಟ್ರು ಹೇಳ್ತಾರೆ?"

"ನಿಜವಾಗ್ಲೂ ಮಾರಾಯ್ತಿ."

"ಜಿಲೇಬಿನೂ ಪ್ಯಾಸೆಂಜರ್‌ದೇ ಆಗಿತ್ತಲ್ಲ."

ನಾನು ಜೇಬಿನದನ್ನೂ ಡ್ರಾಯರಿನದನ್ನೂ ತೆಗೆದು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ. ಮುಂದಿನ ಸಲ ಅವರು ಆಸ್ಪತ್ರೆಗೆ ಹೋದಾಗ ಜೊತೆಗೆ ಹೋಗಿ ನಾನೇ ಕೇಳಬಹುದಿತ್ತು. ಅಂದು ಬ್ಲೌಸು ಕೊಡುವ ಅವಸರವಿತ್ತು, ನಾನು ಹೋಗಲಿಲ್ಲ.

ದಸರಾ ರಜೆಯಲ್ಲಿ ಜನ ಹೆಚ್ಚು. ಆ ದಿನ ಅವರಿಗೆ ಸಿಕ್ಕಿದ್ದು ಕೊಲ್ಲೂರಿಗೆ ಹೋಗಿಬರುವ ಒಂದು ಸಂಸಾರ. ಕೊಲ್ಲೂರಿನಲ್ಲಿ ದರ್ಶನಕ್ಕೆ ಉದ್ದ ಸಾಲಿತ್ತಂತೆ, ಆ ಸಂಸಾರ ಹೊರಗೆ ಬರುವಾಗ ಮಧ್ಯಾಹ್ನ ಕಳೆದಿತ್ತಂತೆ. ಈಗ ಬರುತ್ತಾರೆ, ಆಗ ಬರುತ್ತಾರೆ ಎಂದು ಕಾಯುತ್ತಾ ಇವರು ಡಬ್ಬಿ ಬಿಚ್ಚಲಿಲ್ಲವಂತೆ. ಮಾತ್ರೆಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ನುಂಗಿದ್ದರು. ಅದನ್ನೂ ಅವರಿಗೆ ಅಭ್ಯಾಸ ಮಾಡಿಸಿದ್ದು ನಾನೇ. ಆಗುಂಬೆ ಘಾಟಿ ಹತ್ತಿ, ಮೇಲೆ ಚಹಾಕ್ಕೆ ನಿಲ್ಲಿಸಿ, ಶೃಂಗೇರಿಯ ಕಡೆ ಹೊರಟರು. ಅರ್ಧ ದಾರಿಯಲ್ಲಿ ಕಾರು ಮೆಲ್ಲಗೆ ರಸ್ತೆ ಬಿಟ್ಟು ಗದ್ದೆಗೆ ಇಳಿಯಿತು. ಒಳಗಿದ್ದವರಿಗೆ ಒಂದು ಗಾಯವೂ ಆಗಲಿಲ್ಲ. ಇವರು ಸ್ಟೇರಿಂಗಿನ ಮೇಲೆ ಮಲಗಿದ್ದರಂತೆ, ಮೈಯೆಲ್ಲ ಬೆವರಂತೆ. ಕುಡಿದಿದ್ದಾನೆ ಎಂದು ಯಾರೋ ಅಂದರಂತೆ. ಪಕ್ಕದ ಮನೆಯಿಂದ ಒಬ್ಬ ಹೆಂಗಸು ಓಡಿಬಂದರಂತೆ, ಕೈಯಲ್ಲಿ ನೀರು, ಬೆಲ್ಲ. ಅವರಿಗೆ ಸಕ್ಕರೆಯ ವಿಷಯ ಏನೂ ಗೊತ್ತಿರಲಿಲ್ಲ, ದಾರಿಯಲ್ಲಿ ಬಿದ್ದವರಿಗೆ ಕೊಡುವುದು ಅದನ್ನೇ ಎಂದು ತಂದಿದ್ದರು. ಅಷ್ಟು ಹೊತ್ತಿಗೆ ಹಲ್ಲು ಕಚ್ಚಿಕೊಂಡಿತ್ತು. ಬೆಲ್ಲ ಒಳಗೆ ಇಳಿಯಲಿಲ್ಲ.

ದೊಡ್ಡ ಆಸ್ಪತ್ರೆಗೆ ಸಾಗಿಸಿದ ಮೇಲೆ ಸ್ಟ್ಯಾಂಡಿನವರು ನನ್ನನ್ನು ಕರೆದುಕೊಂಡು ಹೋದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಹೊರಗೆ ಬಂದರು. ನಾನು ಮೊದಲು ಕೇಳಿದ್ದು, "ಸಕ್ಕರೆ ಹೆಚ್ಚಾಯ್ತಾ ಡಾಕ್ಟ್ರೇ? ಎಂತ ತಿಂದಿದ್ರು?" ಎಂದು.

"ಹೆಚ್ಚಲ್ಲಮ್ಮ, ತೀರಾ ಇಳಿದುಹೋಗಿದೆ. ಗಾಡಿಯಲ್ಲಿ ಸಿಹಿ ಏನೂ ಇರಲಿಲ್ವಾ?"

"ಇಲ್ಲ ಡಾಕ್ಟ್ರೇ. ನಾನು ಇಡೋಕೆ ಬಿಡೋದೇ ಇಲ್ಲ."

ಇದನ್ನು ನಾನು ಹೆಮ್ಮೆಯಿಂದ ಹೇಳಿದೆ. ಶಾಲೆಯಲ್ಲಿ ಮೇಷ್ಟ್ರು ಕೇಳಿದ್ದಕ್ಕೆ ಸರಿ ಉತ್ತರ ಕೊಟ್ಟ ಹಾಗೆ. ಅವರು ನನ್ನ ಮುಖ ನೋಡಿದರು. ಆಮೇಲೆ ಒಳಗೆ ಹೋದರು.

ಮಾರನೆಯ ದಿನ ಬಟ್ಟೆ ತರಲು ಮನೆಗೆ ಬಂದಿದ್ದೆ. ಕಾರನ್ನು ಗೆಳೆಯರು ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಸೀಟಿನ ಮೇಲೆ ಅವರ ಟವಲು, ಚಪ್ಪಲಿ, ಡಬ್ಬಿ. ಡಬ್ಬಿಯನ್ನು ಒಳಗೆ ತಂದು ಅಡುಗೆಕಟ್ಟೆಯ ಮೇಲೆ ಬಿಚ್ಚಿದೆ. ಖಾಲಿಯಾಗಿತ್ತು. ಮೂರೂ ಖಾಲಿ. ಅಭ್ಯಾಸಬಲದಿಂದ ನನಗೆ ಸಮಾಧಾನವಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆಯಿತು. ಕೊನೆಗೂ ತಿಂದರು ಎಂದುಕೊಂಡೆ. ಆಮೇಲೆ ನಡುವಿನ ಡಬ್ಬಿಯ ಅಂಚು ನೋಡಿದೆ. ಕರಿಬೇವಿನ ಒಂದು ಎಲೆಯೂ ಇರಲಿಲ್ಲ. ನೆಲ್ಲಿಕಾಯಿಯ ಬೀಜವನ್ನು ಸಹ ಚೀಪಿ ಚೀಪಿ ಬಿಳಿ ಮಾಡಿ ಮೂಲೆಗೆ ಹಾಕಿದ್ದರು. ಉಪ್ಪಿನ ಪುಡಿ ಕೂಡ ಬೆರಳಿನಲ್ಲಿ ಒರೆಸಿ ತೆಗೆದಿದ್ದರು. ನನ್ನ ಗಂಡ ಆ ಡಬ್ಬಿಯೊಳಗೆ ಏನನ್ನೋ ಹುಡುಕಿದ್ದರು. ನಾನು ಅದನ್ನು ಇಟ್ಟಿರಲಿಲ್ಲ.

ಮೂರನೆಯ ದಿನ ಅವರು ಹೋದರು. ಎಚ್ಚರವಾಗಲೇ ಇಲ್ಲ.

ಆಮೇಲೆ ಒಂದು ವರ್ಷದ ಮೇಲೆ ನಾಲ್ಕು ತಿಂಗಳು ನಾನು ಒಂದೇ ವಿಷಯ ಯೋಚಿಸಿದೆ. ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸಿದ್ದರಲ್ಲ, ಅಲ್ಲಿ ಸಕ್ಕರೆ ಇತ್ತಲ್ಲ. ಒಂದು ಚಮಚ ಕೇಳಬಹುದಿತ್ತಲ್ಲ. ಕದ್ದು ತಿನ್ನುವುದು ಅವರಿಗೆ ಗೊತ್ತಿಲ್ಲದ್ದೇನೂ ಅಲ್ಲ. ಯಾಕೆ ಕೇಳಲಿಲ್ಲ? ನನಗೆ ಕೊಟ್ಟ ಮಾತು ಮೀರಬಾರದೆಂದೇ? ಮೆಷಿನ್ನಿನ ಪೆಡಲು ತುಳಿಯುತ್ತಾ ಇದನ್ನೇ ತಿರುಗಾ ಮುರುಗಾ ಕೇಳಿಕೊಳ್ಳುತ್ತಿದ್ದೆ. ಎರಡು ಸಲ ತೋಳು ತಿರುವುಮುರುವಾಗಿ ಹೊಲಿದು ಬಿಚ್ಚಬೇಕಾಯಿತು. ಹೌದು, ನನಗಾಗಿ ಸುಮ್ಮನಿದ್ದರು ಎಂದುಕೊಂಡರೆ ಎದೆ ಒಡೆಯುತ್ತಿತ್ತು. ಆದರೂ ಅದರಲ್ಲಿ ಹಿಡಿದುಕೊಳ್ಳಲು ನನಗೆ ಏನೋ ಒಂದಿತ್ತು.

ಹೋದ ತಿಂಗಳು, ಇವರ ಬಾಯಿಗೆ ನಾನು ಬೀಗ ಎಂದಿದ್ದ ಆ ಗೆಳೆಯರ ಹೆಂಡತಿ ಬಂದಳು. ಕಾರು ರಸ್ತೆಯಲ್ಲೇ ನಿಂತಿತ್ತು, ಗೆಳೆಯರು ಇಳಿಯಲಿಲ್ಲ. ತಿಥಿ ಕಳೆದ ಮೇಲೆ ಅವರು ನಮ್ಮ ಮನೆಯೊಳಗೆ ಬಂದೇ ಇರಲಿಲ್ಲ. ದುಃಖಕ್ಕೆ ಎಂದುಕೊಂಡಿದ್ದೆ.

ನಾನು ಬೆಲ್ಲ ನೀರು ತಂದಿಟ್ಟೆ. ಈಗ ಮತ್ತೆ ಎಲ್ಲರಿಗೂ ಕೊಡುತ್ತೇನೆ. ಅವಳು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು ಹೇಳಿದಳು, "ಇವ್ರಿಗೂ ಸಕ್ಕರೆ ಬಂದಿದೆ ಅಕ್ಕ. ನಾಡಿದ್ದು ಗೋಕರ್ಣಕ್ಕೆ ಬಾಡಿಗೆ ಇದೆ. ನೀವು ಅಣ್ಣಂಗೆ ಕಟ್ಟಿ ಕೊಡ್ತಿದ್ರಲ್ಲ, ಹಂಗೆ ನಂಗೂ ಹೇಳ್ಕೊಡಿ. ಹೋಟೆಲಲ್ಲಿ ಕಂಡದ್ದೆಲ್ಲ ತಿಂತಾರೆ, ಎಂತ ಮಾಡೋದು."

ಡಬ್ಬಿ ಕೂಡ ತಂದಿದ್ದಳು. ಹೊಸದು.

ನನಗೆ ಹೇಳಿಕೊಡಲು ಬಾಯಿ ಬರಲಿಲ್ಲ, ಕೈ ಬಂತು. ಹೆಸರುಕಾಳು ನೆನೆಸುವುದು, ಬಟ್ಟೆಯಲ್ಲಿ ಕಟ್ಟುವುದು, ರೊಟ್ಟಿ ಒಣಗದ ಹಾಗೆ ಎಲೆ ಬಾಡಿಸುವುದು ಎಲ್ಲ ತೋರಿಸಿದೆ. ಹುರಿಗಡಲೆಯನ್ನು ಮೇಲಿನ ಡಬ್ಬಿಗೆ ಹಾಕಿ, ಅದರ ಮೇಲೆ ಒಂದು ಹಿಡಿಯಷ್ಟು ಬೆಲ್ಲದ ಚೂರು ಕಾಗದದಲ್ಲಿ ಕಟ್ಟಿ ಇಟ್ಟೆ.

ಅವಳು ಅದನ್ನು ಬಿಚ್ಚಿ ನೋಡಿದಳು. "ಇದೆಂತಕ್ಕೆ ಅಕ್ಕ? ಇವ್ರಿಗೆ ಸಕ್ಕರೆ ಅಂದ್ನಲ್ಲ." ನಗುತ್ತಲೇ ಬೆಲ್ಲವನ್ನು ಎತ್ತಿ ತಟ್ಟೆಗೆ ಹಾಕಿದಳು.

ಆ ಕೈಯನ್ನು ನಾನು ಗುರುತಿಸಿದೆ. ಅದು ನನ್ನದೇ ಕೈ.

ಹೇಳಬೇಕಾಯಿತು. ಯಾರಿಗೂ ಹೇಳಿರಲಿಲ್ಲ. ಪೆಪ್ಪರಮೆಂಟಿನ ವಿಷಯ, ಡಾಕ್ಟರಮ್ಮ ಕೇಳಿದ್ದು, ರೊಟ್ಟಿ ಕಾಳು ಮೈಗೆ ಹತ್ತಲು ಹೊತ್ತು ಬೇಕು ಸಿಹಿಯಾದರೆ ತಕ್ಷಣ ಎಂದು ಆಮೇಲೆ ಅವರು ಹೇಳಿದ್ದು, ಖಾಲಿ ಡಬ್ಬಿ, ಕರಿಬೇವು. ಅಳದೆ ಹೇಳಿದೆ. ನಾನು ಕೊನೆಗೆ, "ಅವರು ನನ್ನ ಮಾತಿಗೆ ಕಟ್ಟುಬಿದ್ದು ಆಗುಂಬೆಯಲ್ಲಿ ಒಂದು ಚಮಚ ಸಕ್ಕರೆ ಸಹ ಕೇಳಲಿಲ್ಲ" ಎಂದೆ.

"ಕೇಳಿದ್ರು ಅತ್ತಿಗೆ."

ಗೆಳೆಯರು ಬಾಗಿಲಲ್ಲಿ ನಿಂತಿದ್ದರು. ಹೆಂಡತಿ ತಡ ಮಾಡಿದಳೆಂದು ಕರೆಯಲು ಬಂದವರು ಎಷ್ಟು ಹೊತ್ತಿನಿಂದ ಅಲ್ಲಿದ್ದರೋ. ಒಳಗೆ ಬನ್ನಿ ಎಂದರೂ ಬರಲಿಲ್ಲ. ಹೊಸ್ತಿಲ ಹೊರಗೆ ಕೂತರು.

"ಏನಂತ ಕೇಳಿದ್ರು?" ಎಂದೆ. ನನಗೆ ಆ ಮಾತು ಹಾಗೇ ಬೇಕಿತ್ತು.

"ನಾನೂ ಅವತ್ತು ಆಗುಂಬೆಲಿದ್ದೆ. ಅದೇ ಚಹಾದ ಅಂಗಡಿ. 'ಒಂದು ಚೂರು ಬೆಲ್ಲ ಕೊಡ್ಸೋ ಮಾರಾಯ, ಕೈ ನಡುಗ್ತಿದೆ' ಅಂದ್ರು. ನಾನು ನಕ್ಕೆ. 'ಇದು ಹೊಸ ನಾಟಕನಾ?' ಅಂದೆ. ಅಂಗಡಿಯವ್ರೂ ನಕ್ಕರು. ಅವ್ರಿಗೂ ನೀವು ಹೇಳಿದ್ರಲ್ಲ. 'ಇವ್ರಿಗೆ ಸಕ್ಕರೆ ಹಾಕದ ಚಹಾ ಕೊಡಿ' ಅಂದೆ ನಾನೇ."

"ಮತ್ತೆ?"

"'ತಮಾಷೆ ಅಲ್ಲ ಕಣೋ' ಅಂದ್ರು. 'ಹಂಗಾದ್ರೆ ಅತ್ತಿಗೆಗೆ ಫೋನ್ ಮಾಡ್ಲಾ, ಅವ್ರು ಕೊಡಿ ಅಂದ್ರೆ ಕೊಡ್ತೀನಿ' ಅಂದೆ."

"ಮತ್ತೆ?"

"'ಬೇಡ ಬೇಡ ಬಿಡು' ಅಂತ ಅವ್ರೂ ನಕ್ಕರು. ಚಹಾ ಕುಡ್ದು, ಕಾರಲ್ಲಿ ಕೂತು ಡಬ್ಬಿ ತೆಗೆದ್ರು. ತಿಂತಿದಾರಲ್ಲ, ಸರಿಹೋಗ್ತದೆ ಅಂತ ನಾನು ಹೊರಟೆ."

ಅವರು ಮುಖ ಮುಚ್ಚಿಕೊಂಡಿದ್ದರು. ಅವರ ಹೆಂಡತಿ ತಟ್ಟೆಯಲ್ಲಿದ್ದ ಬೆಲ್ಲವನ್ನು ತೆಗೆದು ಮತ್ತೆ ಕಾಗದದಲ್ಲಿ ಕಟ್ಟಿ, ಡಬ್ಬಿಗೆ ಹಾಕಿ, ಮುಚ್ಚಿದಳು. ಮುಚ್ಚಳ ಸರಿಯಾಗಿ ಕೂರಲಿಲ್ಲ. ನಾನು ಒತ್ತಿ ಕೂರಿಸಿಕೊಟ್ಟೆ. ನಿಮ್ಮ ತಪ್ಪಲ್ಲ ಎಂದು ಆ ಗೆಳೆಯರಿಗೆ ಹೇಳಬೇಕಿತ್ತು. ಅವರು ಅದಕ್ಕಾಗಿಯೇ ಕಾಯುತ್ತಿದ್ದರು ಅನ್ನಿಸುತ್ತದೆ. ಅವರು ಮಾಡಿದ್ದು ನಾನು ಹೇಳಿದ್ದನ್ನೇ. ಆದರೆ ಆ ಮಾತು ನನ್ನ ಬಾಯಿಂದ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಅವರಿಬ್ಬರೂ ಕಾರು ಹತ್ತಿದರು, ಕಾರು ತಿರುವು ದಾಟಿ ಹೋಯಿತು.

ಗೋಕರ್ಣದಿಂದ ತಿರುಗಿ ಬಂದ ದಿನ ಅವಳು ಫೋನ್ ಮಾಡಿ, ಸರಿಯಾಗಿ ಬಂದರು, ಬೆಲ್ಲ ಹಾಗೇ ಇದೆ ಎಂದಳು. ಹಾಗೇ ಇರಲಿ, ತೆಗೆಯಬೇಡ ಎಂದೆ.

ಈಗ ನನಗೆ ಹಿಡಿದುಕೊಳ್ಳಲು ಏನೂ ಉಳಿದಿಲ್ಲ. ಅವರು ನನಗಾಗಿ ಸುಮ್ಮನಿರಲಿಲ್ಲ. ಕೇಳಿದ್ದರು, ಕೈ ಚಾಚಿ ಕೇಳಿದ್ದರು. ಅವರು ಸತ್ಯ ಹೇಳಿದರೂ ಯಾರೂ ನಂಬದ ಹಾಗೆ ನಾನು ಘಾಟಿಯ ಮೇಲಿನವರೆಗೂ ಬಂದೋಬಸ್ತು ಮಾಡಿಟ್ಟಿದ್ದೆ. ಅವರ ಫೋನು ಕಪಾಟಿನಲ್ಲಿದೆ, ಚಾರ್ಜು ಹಾಕಿ ನೋಡಿದೆ. ಆ ದಿನ ಮಧ್ಯಾಹ್ನದ ಮೇಲೆ ನನಗೆ ಒಂದು ಕರೆಯೂ ಇಲ್ಲ. ಗೆಳೆಯರು ಮಾಡುತ್ತೇನೆ ಎಂದ ಕರೆಯನ್ನೂ ಅವರೇ ಬೇಡ ಎಂದರು. ಯಾಕೆ ಬೇಡ ಎಂದರು ಎನ್ನುವುದು ಮಾತ್ರ ನನಗೆ ಯೋಚಿಸದೆಯೇ ಗೊತ್ತಾಗುತ್ತದೆ.

ಆ ಕರೆ ಬಂದಿದ್ದರೆ ನಾನು ಮೆಷಿನ್ನು ನಿಲ್ಲಿಸಿ, ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಫೋನು ಎತ್ತುತ್ತಿದ್ದೆ. ಆ ಕಡೆಯಿಂದ ಅವರೆಲ್ಲ ನಗುವುದು ಕೇಳಿಸುತ್ತಿತ್ತು. ಬೆಲ್ಲ ಕೇಳ್ತಿದಾರೆ ಅತ್ತಿಗೆ, ಕೊಡ್ಲಾ ಎನ್ನುತ್ತಿದ್ದರು. ನಾನೂ ನಗುತ್ತಿದ್ದೆ. ಎಂತಕ್ಕೂ ಕೊಡಬೇಡಿ, ಡಬ್ಬಿಯಲ್ಲಿ ಹುರಿಗಡಲೆ ಇದೆ, ತಿನ್ನೋಕೆ ಹೇಳಿ ಎನ್ನುತ್ತಿದ್ದೆ.